ಸ್ವಲೀನತೆ ಮತ್ತು ಇಂದ್ರಿಯಗಳ ಹೊರೆ

ಸ್ಮರಣ ಸಂಚಿಕೆಗೆ ಕನ್ನಡ ಪಂಡಿತನು ಬರೆಯುವ ಲೇಖನವೆಂದರೆ ಛಂದಸ್ಸನ್ನೋ ಅಲಂಕಾರವನ್ನೋ ಹಳಗನ್ನಡ ಕಾವ್ಯದ ಯಾವುದಾದರೊಂದು ಪ್ರಸಂಗವನ್ನೋ ಕುರಿತದ್ದಾಗಿರುವುದು ವಾಡಿಕೆ. ಈ ಬಾರಿ ಆ ವಾಡಿಕೆಯನ್ನು ಬಿಟ್ಟು, ವೈದ್ಯರಿಗೂ ಮನಶ್ಶಾಸ್ತ್ರಜ್ಞರಿಗೂ ಮೀಸಲೆಂದು ತೋರುವ ವಿಷಯವೊಂದನ್ನು ಕೈಗೆತ್ತಿಕೊಂಡಿದ್ದೇನೆ. ಇದಕ್ಕೆ ಪ್ರೇರಣೆ ನನ್ನ ಪಾಂಡಿತ್ಯವಲ್ಲ. ಒಬ್ಬ ವಿದ್ಯಾರ್ಥಿಗೆ ನನ್ನಿಂದ ಆದ ಅನ್ಯಾಯ. ಆ ಸಂಗತಿಯನ್ನು ಅದರ ಎಡೆಯಲ್ಲಿ ನಿವೇದಿಸುತ್ತೇನೆ.

ಶಬ್ದದಿಂದ ಆರಂಭಿಸುವುದು ನಮ್ಮ ಕಸುಬಿನವರ ಅಭ್ಯಾಸ. ‘ಆಟಿಸಂ’ ಎಂಬ ಆಂಗ್ಲ ಪದಕ್ಕೆ ಕನ್ನಡದಲ್ಲಿ ‘ಸ್ವಲೀನತೆ’ ಎಂಬುದು ರೂಢಿಗೆ ಬಂದಿದೆ. ಸ್ವ ಎಂದರೆ ತಾನು. ಲೀನ ಎಂದರೆ ಕರಗಿದುದು, ಅಡಗಿದುದು. ತನ್ನಲ್ಲಿಯೇ ತಾನು ಅಡಗಿರುವ ಸ್ಥಿತಿ ಎಂಬುದು ಒಟ್ಟರ್ಥ. ಮೂಲಪದದ ಹುಟ್ಟೂ ಇದೇ ಬಗೆಯದು. ಗ್ರೀಕ್ ಭಾಷೆಯ ‘ಆಟೋಸ್’ ಎಂದರೆ ತಾನು. ಸ್ವಿಟ್ಜರ್ಲೆಂಡಿನ ಮನೋವೈದ್ಯ ಬ್ಲಾಯ್ಲರ್ 20ನೆಯ ಶತಮಾನದ ಆರಂಭದಲ್ಲಿ ಸ್ಕಿಜೋಫ್ರೀನಿಯಾ ರೋಗಿಗಳ ಒಂದು ಲಕ್ಷಣವನ್ನು ಹೇಳಲು ಈ ಪದವನ್ನು ಕಟ್ಟಿದರು. 1943ರಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದ ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್ 8 ಗಂಡು, 3 ಹೆಣ್ಣು, ಒಟ್ಟು 11 ಮಕ್ಕಳ ವೃತ್ತಾಂತವನ್ನು ಪ್ರಕಟಿಸಿ, ಇದು ಬೇರೆಯೇ ಒಂದು ಸ್ಥಿತಿಯೆಂದು ತೋರಿಸಿಕೊಟ್ಟರು. ಮರುವರ್ಷ ವಿಯೆನ್ನಾದ ಹಾನ್ಸ್ ಆಸ್ಪರ್ಗರ್ ಹೆಚ್ಚುಕಡಮೆ ಇಂಥದೇ ಮಕ್ಕಳನ್ನು ಕುರಿತು ಬರೆದರು.

ಪದವು ವ್ಯಾಕರಣಶುದ್ಧವಾಗಿದೆ. ಅರ್ಥಶುದ್ಧವಾಗಿದೆಯೇ ಎಂಬುದರಲ್ಲಿ ನನಗೆ ಸಂಶಯವಿದೆ. ಇದನ್ನು ಕೇಳಿದವರು, ಮಗುವು ಲೋಕಕ್ಕೆ ಬಾಗಿಲು ಹಾಕಿಕೊಂಡು ಒಳಗೆ ನಿಶ್ಚಿಂತೆಯಿಂದ ಕುಳಿತಿದೆ ಎಂದು ಭಾವಿಸುತ್ತಾರೆ. ಅನೇಕ ಮಕ್ಕಳ ವಿಷಯದಲ್ಲಿ ನಿಜಸ್ಥಿತಿ ಇದಕ್ಕೆ ವಿಪರೀತವಾದದ್ದು. ಬಾಗಿಲು ಮುಚ್ಚಲು ಬಾರದೆ, ಲೋಕವೆಲ್ಲ ಒಮ್ಮೆಗೇ ಒಳನುಗ್ಗುವುದೇ ಅವರ ಸಂಕಟ. ಈ ಲೇಖನದಲ್ಲಿ ಹೇಳಬೇಕೆಂದಿರುವುದು ಮುಖ್ಯವಾಗಿ ಇದನ್ನೇ.

ಸ್ವಲೀನತೆಯು ಅಂಟುವ ರೋಗವಲ್ಲ, ಹುಚ್ಚಲ್ಲ, ಗ್ರಹಚಾರವೂ ಅಲ್ಲ. ಮಿದುಳು ಬೆಳೆಯುವ ಕ್ರಮದಲ್ಲಿಯೇ ಇರುವ ಒಂದು ಭೇದ. ಬಾಲ್ಯದಲ್ಲಿ ಕಾಣಿಸಿಕೊಂಡು ಜೀವಮಾನವಿಡೀ ಜೊತೆಯಲ್ಲಿರುತ್ತದೆ. ಇತರರೊಡನೆ ಮಾತುಕತೆ, ಒಡನಾಟಗಳಲ್ಲಿ ತೊಡಕು, ಒಂದೇ ಕ್ರಮವನ್ನು ಬಿಡದೆ ಪಾಲಿಸುವುದು, ಒಂದೇ ಚಲನೆಯನ್ನು ಮತ್ತೆ ಮತ್ತೆ ಮಾಡುವುದು ಇದರ ಲಕ್ಷಣಗಳು. ಕೆಲವರಿಗೆ ಮಾತೇ ಬರುವುದಿಲ್ಲ. ಕೆಲವರು ಪಂಡಿತರನ್ನೂ ನಾಚಿಸುವಂತೆ ಮಾತನಾಡುತ್ತಾರೆ. 2021ರ ಅಂದಾಜಿನಂತೆ ಲೋಕದಲ್ಲಿ 127 ಮಂದಿಗೆ ಒಬ್ಬರು ಇಂಥವರೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಸಾವಿರ ಮಕ್ಕಳಿರುವ ಶಾಲೆಯ ಅಧ್ಯಾಪಕರು ಈ ಲೆಕ್ಕವನ್ನು ತಾವೇ ಮಾಡಿಕೊಳ್ಳಬಹುದು. ತಾಯಿಯ ಮಮತೆ ಸಾಲದೆ ಮಗು ಹೀಗಾಯಿತೆಂಬ ಒಂದು ವಾದ ಪಶ್ಚಿಮದಲ್ಲಿ ಬಹುಕಾಲ ಮೆರೆಯಿತು. 1967ರಲ್ಲಿ ಬ್ರೂನೋ ಬೆಟೆಲ್‌ಹೈಮ್ ಎಂಬುವರು ಅದನ್ನೇ ಸಾರುವ ದೊಡ್ಡ ಗ್ರಂಥವನ್ನು ಬರೆದರು. ವಿಜ್ಞಾನ ಅದನ್ನು ತಳ್ಳಿಹಾಕಿದೆ. ನಮ್ಮ ಊರುಗಳಲ್ಲಿ ಮಾತ್ರ, ಗ್ರಂಥವನ್ನು ಓದದವರೂ ತಾಯಿಯನ್ನು ದೂರುವುದನ್ನು ಇನ್ನೂ ಬಿಟ್ಟಿಲ್ಲ.

ಇನ್ನು ಇಂದ್ರಿಯಗಳ ವಿಚಾರ. ಕಿವಿ, ಚರ್ಮ, ಕಣ್ಣು, ನಾಲಗೆ, ಮೂಗು ಎಂಬ ಐದು ಜ್ಞಾನೇಂದ್ರಿಯಗಳು ಎಲ್ಲರಿಗೂ ತಿಳಿದವೇ. ಇವಲ್ಲದೆ ಶರೀರಶಾಸ್ತ್ರಜ್ಞರು ಇನ್ನೂ ಕೆಲವನ್ನು ಹೇಳುತ್ತಾರೆ. ಒಳಗಿವಿಯಲ್ಲಿದ್ದು ದೇಹದ ಸಮತೋಲವನ್ನೂ ಚಲನೆಯನ್ನೂ ತಿಳಿಸುವುದೊಂದು. ಕೀಲು, ಸ್ನಾಯುಗಳಲ್ಲಿದ್ದು ಕೈಕಾಲು ಎಲ್ಲಿದೆ, ಎಷ್ಟು ಬಲ ಹಾಕುತ್ತಿದೆ ಎಂಬುದನ್ನು ತಿಳಿಸುವುದು ಮತ್ತೊಂದು. ಹಸಿವು, ಬಾಯಾರಿಕೆ, ಮೂತ್ರಬಾಧೆ ಮೊದಲಾದ ಒಳಗಿನ ಸುದ್ದಿಯನ್ನು ತರುವುದು ಇನ್ನೊಂದು. ಈ ಎಲ್ಲ ದಾರಿಗಳಿಂದಲೂ ಪ್ರತಿ ಕ್ಷಣ ಮಿದುಳಿಗೆ ವರ್ತಮಾನ ಬರುತ್ತಲೇ ಇರುತ್ತದೆ. ಈ ಪುಟವನ್ನು ಓದುತ್ತಿರುವ ವಾಚಕರಿಗೆ ತಾವು ತೊಟ್ಟ ಅಂಗಿ ಬೆನ್ನಿಗೆ ತಾಗುತ್ತಿರುವುದು ಈಗ ನಾನು ಹೇಳುವವರೆಗೆ ನೆನಪಿದ್ದಿರಲಾರದು. ಫ್ಯಾನಿನ ಸದ್ದು, ಬೀದಿಯ ಸದ್ದು, ಅಡುಗೆಮನೆಯ ಒಗ್ಗರಣೆಯ ವಾಸನೆ ಎಲ್ಲವೂ ಬಂದು, ಬೇಡವೆಂದು ಹಿಂದಕ್ಕೆ ಹೋಗುತ್ತಿವೆ. ಬೇಕಾದುದನ್ನು ಒಳಗೆ ಬಿಟ್ಟು, ಬೇಡವಾದುದನ್ನು ತಡೆಯುವ ಈ ಕಾರ್ಯ ನಮ್ಮ ಅರಿವಿಲ್ಲದೆಯೇ ನಡೆಯುತ್ತಿರುತ್ತದೆ.

ನ್ಯಾಯದರ್ಶನವನ್ನು ಓದಿದವರಿಗೆ ಇಲ್ಲಿ ಒಂದು ನೆನಪು ಬಾರದಿರದು. ಇಂದ್ರಿಯಗಳು ಹಲವಾದರೂ ಮನಸ್ಸು ಅಣುಪರಿಮಾಣದ್ದು. ಅದು ಒಂದು ಕಾಲಕ್ಕೆ ಒಂದೇ ಇಂದ್ರಿಯವನ್ನು ಕೂಡಬಲ್ಲುದು. ಆದುದರಿಂದಲೇ ಹಲವು ಜ್ಞಾನಗಳು ಒಟ್ಟಿಗೆ ಹುಟ್ಟುವುದಿಲ್ಲ ಎಂಬುದು ನೈಯಾಯಿಕರ ಮತ. ಎಲ್ಲವೂ ನಮ್ಮ ಶಾಸ್ತ್ರಗಳಲ್ಲಿ ಮೊದಲೇ ಇದೆಯೆಂದು ಸಾಧಿಸುವವರ ಗುಂಪಿಗೆ ಸೇರಿದವನು ನಾನಲ್ಲ. ಗೌತಮನಿಗೆ ಸ್ವಲೀನತೆ ತಿಳಿದಿತ್ತೆಂದು ಹೇಳುತ್ತಲೂ ಇಲ್ಲ. ಹೋಲಿಕೆಗಾಗಿ ಮಾತ್ರ ಹೇಳುವುದಾದರೆ, ಮನಸ್ಸೆಂಬ ಆ ದ್ವಾರಪಾಲಕನು ಕೆಲವು ಮಕ್ಕಳಲ್ಲಿ ಬಾಗಿಲನ್ನು ಹಾರುಹೊಡೆದು ನಿಂತಿರುತ್ತಾನೆ. ಅದೇ ಮಗುವಿನ ಇನ್ನೊಂದು ಬಾಗಿಲಲ್ಲಿ ಗಾಢನಿದ್ರೆಯಲ್ಲಿರುತ್ತಾನೆ.

ಹೀಗೆ ಇಂದ್ರಿಯದ ಅರಿವು ಅತಿಯಾಗುವುದೂ ಕೊರೆಯಾಗುವುದೂ ಉಂಟು. ಅತಿಯಾದ ಪಕ್ಷದಲ್ಲಿ ನಮಗೆ ಸಹಜವಾದ ಸದ್ದು ಅವರಿಗೆ ಸಿಡಿಲಾಗುತ್ತದೆ. ಟ್ಯೂಬ್‌ಲೈಟಿನ ಮಿನುಗು, ಅದರ ಚೋಕಿನ ಗುಂಯ್‌ಗುಟ್ಟುವಿಕೆ, ತೊಳೆದ ನೆಲದ ಫಿನಾಯಿಲ್ ವಾಸನೆ, ಗಂಜಿ ಹಾಕಿದ ಸಮವಸ್ತ್ರ, ಕಾಲರಿನ ಹಿಂದೆ ಹೊಲಿದ ಚೀಟಿ ಇವು ಪಾಠವನ್ನೇ ಮರೆಸುವಷ್ಟು ಕಾಡುತ್ತವೆ. ಹಗುರವಾದ ಸ್ಪರ್ಶ ಅನೇಕರಿಗೆ ಬಲವಾದ ಸ್ಪರ್ಶಕ್ಕಿಂತ ಹೆಚ್ಚು ಅಸಹ್ಯ. ಬೆಳಗಿನ ಪ್ರಾರ್ಥನೆಗೆ ಮುನ್ನ ಬೇರೊಬ್ಬರು ಹಣೆಗೆ ವಿಭೂತಿ ಹಚ್ಚಲು ಬಂದರೆ ಮುಖ ತಿರುಗಿಸಿಕೊಂಡು ಓಡುವ ಹುಡುಗನು, ಭಸ್ಮದ ಗಟ್ಟಿಯನ್ನು ತನ್ನ ಕೈಗೇ ಕೊಟ್ಟರೆ ಒತ್ತಿ ಹಚ್ಚಿಕೊಳ್ಳಬಹುದು. ಅವನು ಓಡಿದ್ದು ಬೆರಳ ತುದಿಯ ಸವರಿಕೆಗೆ, ವಿಭೂತಿಗಲ್ಲ. ಊಟದಲ್ಲಿಯೂ ಹೀಗೆಯೇ. ಮುದ್ದೆಯ ಜಿಗುಟು, ಸಾರಿನಲ್ಲಿ ಅಡಗಿರುವ ಬೇಳೆ ನಾಲಗೆಗೆ ತಾಗಿದೊಡನೆ ವಾಂತಿ ಬರುವ ಮಕ್ಕಳಿದ್ದಾರೆ. ಒಣ ಅವಲಕ್ಕಿಯನ್ನು ಮಾತ್ರ ತಿಂದು ದಿನ ಕಳೆಯುವವರಿದ್ದಾರೆ. ‘ಹಸಿದರೆ ತಾನೇ ತಿನ್ನುತ್ತದೆ’ ಎಂಬ ಹಿರಿಯರ ಮಾತು ಇಲ್ಲಿ ಸಲ್ಲದು.

ಕೊರೆಯಾದ ಪಕ್ಷ ಇನ್ನೂ ಸುಲಭವಾಗಿ ತಪ್ಪು ತಿಳಿವಳಿಕೆಗೆ ಎಡೆಗೊಡುತ್ತದೆ. ಹೆಸರು ಹಿಡಿದು ಕೂಗಿದರೂ ತಿರುಗಿ ನೋಡದ ಮಗುವನ್ನು ಕಿವುಡೆಂದೋ ಉದ್ಧಟನೆಂದೋ ಬಗೆಯುತ್ತೇವೆ. ಮೊಣಕಾಲು ಒಡೆದು ರಕ್ತ ಸುರಿದರೂ ಅಳದವನನ್ನು ಗಟ್ಟಿಗನೆಂದು ಹೊಗಳುತ್ತೇವೆ. ಆ ಗಟ್ಟಿಗನಿಗೆ ಒಳಗೆ ಮೂಳೆ ಮುರಿದಿದ್ದರೂ ತಿಳಿಯದೆಂಬ ಭಯ ನಮಗೆ ಹೊಳೆಯುವುದಿಲ್ಲ. ಗಿರಗಿರನೆ ತಿರುಗುವುದು, ಕುಳಿತಲ್ಲಿಯೇ ತೂಗುವುದು, ಗೋಡೆಗೆ ಒರಗಿ ಒತ್ತುವುದು, ಅಂಗಿಯ ತೋಳನ್ನು ಕಚ್ಚುವುದು, ಇವೆಲ್ಲ ಸಾಲದ ಅರಿವನ್ನು ತುಂಬಿಕೊಳ್ಳುವ ಪ್ರಯತ್ನಗಳಾಗಿರಬಹುದು. ಕೆಲವೊಮ್ಮೆ ಅತಿಯಾದ ಹೊರೆಯನ್ನು ಇಳಿಸಿಕೊಳ್ಳುವ ಉಪಾಯಗಳೂ ಆಗಿರಬಹುದು. ಒಂದೇ ಮಗುವಿನಲ್ಲಿ ಕಿವಿ ಅತಿ, ನೋವು ಕೊರೆ ಎಂದಿರುವುದೂ ಸಾಮಾನ್ಯ. ನಿನ್ನೆ ಸಹಿಸಿದ್ದನ್ನು ಇಂದು ಸಹಿಸದಿರುವುದೂ ಉಂಟು; ನಿದ್ದೆಗೆಟ್ಟ ದಿನ, ಜ್ವರದ ದಿನ, ವೇಳಾಪಟ್ಟಿ ಬದಲಾದ ದಿನ ಸಹನೆಯ ಪಾತ್ರೆ ಬೇಗ ತುಂಬುತ್ತದೆ. ‘ನಿನ್ನೆ ಸುಮ್ಮನಿದ್ದೆಯಲ್ಲ, ಇಂದೇನು ನಾಟಕ?’ ಎಂದು ಕೇಳುವ ಅಧ್ಯಾಪಕರು ಇದನ್ನು ನೆನಪಿನಲ್ಲಿಡಬೇಕು. ಹಾಗೆ ಕೇಳಿದವರಲ್ಲಿ ನಾನೂ ಒಬ್ಬ.

ಇಪ್ಪತ್ತು ವರ್ಷಗಳಿಗೂ ಹಿಂದಿನ ಮಾತು. ನಾನು ಆಗ ಬೇರೊಂದು ಊರಿನ ಶಾಲೆಯಲ್ಲಿದ್ದೆ. ಐದನೆಯ ತರಗತಿಗೆ ಒಬ್ಬ ಹುಡುಗ ಬಂದು ಸೇರಿದ. ಕಂಠಪಾಠದಲ್ಲಿ ಅವನಿಗೆ ಸಮಾನರಿರಲಿಲ್ಲ. ಒಮ್ಮೆ ಕೇಳಿದ ಪದ್ಯವನ್ನು ಯತಿ ತಪ್ಪದಂತೆ ಒಪ್ಪಿಸುತ್ತಿದ್ದ. ಅವನು ನನಗೆ ಪ್ರಿಯನಾಗಬೇಕಾಗಿತ್ತು. ಆದರೆ ನಮ್ಮ ತರಗತಿಯ ಜಗಲಿಗೆ ಸೇರಿದಂತೆಯೇ ಗಂಟೆಯಾಗಿ ಬಳಸುವ ರೈಲುಕಂಬಿಯ ತುಂಡು ತೂಗುಹಾಕಿತ್ತು. ಅವಧಿ ಮುಗಿದು ಅದನ್ನು ಬಾರಿಸಿದಾಗಲೆಲ್ಲ ಈ ಹುಡುಗ ಎರಡು ಕೈಯಿಂದಲೂ ಕಿವಿ ಮುಚ್ಚಿಕೊಂಡು ಡೆಸ್ಕಿನ ಕೆಳಗೆ ಸೇರುತ್ತಿದ್ದ. ಇತರರು ನಗುತ್ತಿದ್ದರು. ನಗಿಸಲೆಂದೇ ಹೀಗೆ ಮಾಡುತ್ತಾನೆಂದು ನಾನು ತೀರ್ಮಾನಿಸಿದೆ. ಒಂದು ದಿನ ಗಂಟೆಯಾಗುವ ವೇಳೆಗೆ ಅವನ ಬಳಿ ನಿಂತು, ಎರಡು ಕೈಗಳನ್ನೂ ಕಿವಿಯಿಂದ ಬಿಡಿಸಿ, ಹೊಡೆತಗಳು ಮುಗಿಯುವವರೆಗೆ ಹಿಡಿದುಕೊಂಡೆ. ಕೈ ಬಿಟ್ಟಾಗ ಅವನು ತನ್ನ ಮುಂಗೈಯನ್ನು ತಾನೇ ಕಚ್ಚಿದ. ರಕ್ತ ಬಂದಿತು. ತರಗತಿ ನಗಲಿಲ್ಲ.

ಮರುದಿನ ತಾಯಿ ಬಂದಳು. ಜಗಳಕ್ಕೆ ಬಂದವಳಲ್ಲ. “ಮೇಷ್ಟ್ರೇ, ಮನೇಲಿ ಕುಕ್ಕರ್ ಕೂಗಿದ್ರೂ ಹಿಂಗೇ ಮಾಡ್ತಾನೆ. ನಾನು ಕುಕ್ಕರ್ ಇಡೋದನ್ನೇ ಬಿಟ್ಟಿದೀನಿ” ಎಂದಷ್ಟೇ ಹೇಳಿದಳು. ಅಕ್ಷರ ಬಾರದ ಆಕೆ ಕಂಡುಕೊಂಡಿದ್ದನ್ನು ವಿದ್ವತ್ ಪರೀಕ್ಷೆ ಮುಗಿಸಿದ್ದ ನಾನು ಕಂಡುಕೊಂಡಿರಲಿಲ್ಲ. ಅಂದೂ ಏನು ಮಾಡಬೇಕೆಂಬುದು ನನಗೆ ತೋಚಲಿಲ್ಲ. ತೋಚಿದ್ದು ಗಂಟೆ ಹೊಡೆಯುವ ಜವಾನನಿಗೆ. ಆತ ಯಾರನ್ನೂ ಕೇಳದೆ, ಪ್ರತಿ ಸಲ ಬಾರಿಸುವ ಮೊದಲು ನಮ್ಮ ಕಿಟಕಿಯ ಬಳಿ ಬಂದು ಸುತ್ತಿಗೆಯನ್ನು ಎತ್ತಿ ತೋರಿಸತೊಡಗಿದ. ಹುಡುಗ ಕಿವಿ ಮುಚ್ಚಿಕೊಂಡು ತಲೆಯಾಡಿಸುವನು, ಆಮೇಲೆ ಗಂಟೆ. ಡೆಸ್ಕಿನ ಕೆಳಗೆ ಹೋಗುವುದು ನಿಂತಿತು. ತಿಂಗಳು ಕಳೆದ ಮೇಲೆ ಒಂದು ಮಧ್ಯಾಹ್ನ ಹುಡುಗನೇ ಎದ್ದು ಹೊರಗೆ ಹೋಗಿ ಸುತ್ತಿಗೆಗೆ ಕೈ ಚಾಚಿದ. ಜವಾನ ಕೊಟ್ಟ. ಅಂದಿನ ಊಟದ ಗಂಟೆ ಊರಾಚೆಗೂ ಕೇಳಿಸುವಷ್ಟು ಜೋರಾಗಿ ಮೊಳಗಿತು. ಬಾರಿಸಿದವನು ಕಿವಿ ಮುಚ್ಚಿಕೊಂಡಿರಲಿಲ್ಲ. ವರ್ಷದ ಕೊನೆಯವರೆಗೂ ಊಟದ ಗಂಟೆ ಅವನದಾಯಿತು. ಆತನದು ಸ್ವಲೀನತೆಯೆಂದು ಮುಂದೆ ವೈದ್ಯರು ಗುರುತಿಸಿದರು.

ಬಹುಕಾಲದ ಮೇಲೆ ಕ್ಯಾನರರ 1943ರ ಲೇಖನವನ್ನು ಓದುವ ಅವಕಾಶ ದೊರೆತಾಗ ನಾನು ಬೆರಗಾದೆ. ಜೋರಾದ ಸದ್ದಿಗೂ ಚಲಿಸುವ ಯಂತ್ರಗಳಿಗೂ ಆ ಮಕ್ಕಳು ಭೀತರಾಗುತ್ತಿದ್ದುದನ್ನು ಅವರು ಗುರುತಿಸಿದ್ದಾರೆ; ಅದೇ ಮಗು ತಾನಾಗಿ ಅಷ್ಟೇ ದೊಡ್ಡ ಸದ್ದನ್ನು ಸಂತೋಷದಿಂದ ಮಾಡಬಲ್ಲುದೆಂದೂ, ಹೊರಗಿನಿಂದ ತನ್ನ ಮೇಲೆ ನುಗ್ಗಿ ಬರುವ ಸದ್ದೇ ಅದಕ್ಕೆ ಅಸಹನೀಯವೆಂದೂ ಬರೆದಿದ್ದಾರೆ. ಜವಾನನು ಕ್ಯಾನರನನ್ನು ಓದಿರಲಿಲ್ಲ. ಮೊದಲ ಲೇಖನದಲ್ಲಿಯೇ ಇದ್ದ ಈ ಸೂಕ್ಷ್ಮಕ್ಕೆ ಅಮೆರಿಕದ ಮನೋವೈದ್ಯರ ಲಕ್ಷಣಗ್ರಂಥದಲ್ಲಿ ಸ್ಪಷ್ಟವಾದ ಸ್ಥಾನ ದೊರೆತದ್ದು 2013ರ ಐದನೆಯ ಆವೃತ್ತಿಯಲ್ಲಿ. ಇಂದ್ರಿಯಗಳ ಅತಿ ಅಥವಾ ಕೊರೆಯ ಪ್ರತಿಕ್ರಿಯೆಯು ಅಂದಿನಿಂದ ಸ್ವಲೀನತೆಯ ಲಕ್ಷಣಗಳಲ್ಲೊಂದಾಗಿ ಎಣಿಸಲ್ಪಡುತ್ತಿದೆ.

ಅನುಭವಿಸಿದವರ ಸಾಕ್ಷ್ಯವೂ ಇದೆ. 1947ರಲ್ಲಿ ಜನಿಸಿದ ಅಮೆರಿಕದ ಟೆಂಪಲ್ ಗ್ರ್ಯಾಂಡಿನ್ ಸ್ವತಃ ಸ್ವಲೀನತೆಯುಳ್ಳವರು, ಪಶುವಿಜ್ಞಾನದ ಪ್ರಾಧ್ಯಾಪಕಿ. ಚಿಕ್ಕಂದಿನಲ್ಲಿ ಜೋರಾದ ಸದ್ದು ತಮಗೆ ದಂತವೈದ್ಯರ ಕೊರೆಯುವ ಯಂತ್ರ ನರಕ್ಕೆ ತಾಗಿದಂತಾಗುತ್ತಿತ್ತೆಂದು ಅವರು ಬರೆದುಕೊಂಡಿದ್ದಾರೆ. ಯಾರಾದರೂ ಅಪ್ಪಿಕೊಂಡರೆ ಸಹಿಸಲಾಗದು. ಆದರೆ ಒತ್ತುವಿಕೆಗಾಗಿ ದೇಹ ಹಾತೊರೆಯುವುದು. ಚಿಕ್ಕಮ್ಮನ ದನದ ಹಟ್ಟಿಯಲ್ಲಿ, ಚುಚ್ಚುಮದ್ದು ಹಾಕುವಾಗ ದನವನ್ನು ಎರಡು ಪಕ್ಕಗಳಿಂದಲೂ ಅದುಮಿ ಹಿಡಿಯುವ ಸಾಧನದಲ್ಲಿ ಅವು ಶಾಂತವಾಗುವುದನ್ನು ಕಂಡು, ಹದಿನೆಂಟನೆಯ ವಯಸ್ಸಿಗೆ ತಮಗಾಗಿ ಅಂಥದೇ ಯಂತ್ರವನ್ನು ಮಾಡಿಕೊಂಡರು. ಒತ್ತಡ ಎಷ್ಟಿರಬೇಕೆಂಬ ಹಿಡಿ ಅವರ ಕೈಯಲ್ಲಿಯೇ ಇತ್ತು. ಸುತ್ತಿಗೆ ಹಿಡಿದ ಹುಡುಗನದೂ ಇದೇ ಕಥೆ.

ಈಗ ಹಟಕ್ಕೂ ಇದಕ್ಕೂ ಇರುವ ಭೇದ. ಹಟ ಮಾಡುವ ಮಗುವಿಗೆ ಒಂದು ಗುರಿ ಇರುತ್ತದೆ. ಅಳುತ್ತಲೇ ಓರೆಗಣ್ಣಿನಿಂದ ನಮ್ಮನ್ನು ನೋಡುತ್ತಿರುತ್ತದೆ. ಕೇಳಿದ್ದು ಕೈಗೆ ಬಂದರೆ ಸುಮ್ಮನಾಗುತ್ತದೆ. ಇಂದ್ರಿಯಗಳ ಹೊರೆ ತಾಳದೆ ಕುಸಿದ ಮಗುವಿಗೆ ನೋಡುವವರ ಗೊಡವೆಯಿಲ್ಲ. ಏನು ಕೊಟ್ಟರೂ ನಿಲ್ಲದು. ಕಟ್ಟೆಯೊಡೆದ ನೀರಿನಂತೆ ಹರಿದು ಮುಗಿಯಬೇಕು. ಮುಗಿದ ಮೇಲೆ ಸೋತು ಮಲಗಿಬಿಡುತ್ತದೆ. ಆಗ ಉಪದೇಶ ಕೂಡದು. ಸುತ್ತಲಿನ ಮಕ್ಕಳನ್ನು ಹೊರಗೆ ಕಳುಹಿಸುವುದು, ದೀಪವನ್ನೂ ಸದ್ದನ್ನೂ ಕಡಿಮೆ ಮಾಡುವುದು, ತಲೆ ಬಡಿದುಕೊಳ್ಳುವಂತಿದ್ದರೆ ಮೆತ್ತಗಿನದೇನನ್ನಾದರೂ ಅಡ್ಡವಿಡುವುದು, ಮಾತನ್ನು ಎರಡು ಪದಗಳಿಗೆ ಇಳಿಸಿ ಕಾಯುವುದು, ಇಷ್ಟೇ ಕೆಲಸ. ಬೆತ್ತವೂ ಒಂದು ಇಂದ್ರಿಯಾಘಾತವೇ ಎಂಬುದನ್ನು ಮರೆಯಬಾರದು.

ಮುನ್ನೆಚ್ಚರಿಕೆಗೆ ಬೇಕಾದದ್ದು ಹಣವಲ್ಲ, ಒಂದು ನೋಟುಪುಸ್ತಕ. ಮಗು ಕಂಗೆಟ್ಟ ಪ್ರತಿ ಸಲವೂ ಹೊತ್ತು ಯಾವುದು, ಜಾಗ ಯಾವುದು, ಅದಕ್ಕೆ ಸ್ವಲ್ಪ ಮುಂಚೆ ಏನು ನಡೆದಿತ್ತು, ಏನು ಮಾಡಿದಾಗ ಸಮಾಧಾನವಾಯಿತು ಎಂದು ಎರಡು ವಾರ ಬರೆದಿಟ್ಟರೆ ಕಾರಣ ತಾನಾಗಿ ಗೋಚರಿಸುತ್ತದೆ. ಮನೆಯವರ ಪುಸ್ತಕವನ್ನೂ ಇದರ ಜೊತೆಗಿಟ್ಟು ಓದಬೇಕು. ಅನಂತರ ಬದಲಿಸಬೇಕಾದದ್ದು ಮೊದಲು ಕೊಠಡಿಯನ್ನು, ಮಗುವನ್ನಲ್ಲ. ಬಾಗಿಲಿನಿಂದ, ಗಂಟೆಯಿಂದ ದೂರವಾಗಿ, ಬೆನ್ನಿಗೆ ಗೋಡೆಯಿರುವಂತೆ ಆಸನ ಕೊಡಬಹುದು. ದಿನದ ಕ್ರಮವನ್ನು ಚಿತ್ರಗಳಲ್ಲಿ ಬರೆದು ಡೆಸ್ಕಿನ ಮೇಲೆ ಅಂಟಿಸಬಹುದು. ಅಮೆರಿಕದ ಉತ್ತರ ಕೆರೊಲಿನಾದಲ್ಲಿ ಎರಿಕ್ ಶಾಪ್ಲರ್ ಮತ್ತು ಅವರ ಸಂಗಡಿಗರು ಬೆಳೆಸಿದ ಕ್ರಮದಲ್ಲಿ ಇಂಥ ಚಿತ್ರಪಟ್ಟಿಗೆ ದೊಡ್ಡ ಸ್ಥಾನವಿದೆ. ಮುಂದೆ ಏನೆಂದು ತಿಳಿದಿರುವುದೇ ಅರ್ಧ ನೆಮ್ಮದಿ. ಕಿವಿಗವಸನ್ನು ಸದ್ದಿನ ಹೊತ್ತಿಗೆ ಮಾತ್ರ ತೊಡಿಸಬೇಕು. ದಿನವಿಡೀ ತೊಟ್ಟರೆ ಕಿವಿ ಸಣ್ಣ ಸದ್ದಿಗೂ ಅಂಜುವಂತಾಗಬಹುದು. ಹೊರಗಿನ ಮೂಲೆಯೊಂದನ್ನು ಶಾಂತಸ್ಥಾನವೆಂದು ಇಟ್ಟುಕೊಂಡು, ಮಗು ತಾನೇ ಕೇಳಿ ಹೋಗಿಬರುವಂತೆ ಕಲಿಸಬಹುದು. ಆ ಮೂಲೆಗೆ ಶಿಕ್ಷೆಯಾಗಿ ಯಾರನ್ನೂ ಕಳುಹಿಸಕೂಡದು. ಒಮ್ಮೆ ಕಳುಹಿಸಿದರೆ ಆ ಮೂಲೆ ಕೆಟ್ಟಂತೆಯೇ. ಕೈ ಬೀಸುವುದನ್ನೂ ತೂಗುವುದನ್ನೂ, ಯಾರಿಗೂ ಪೆಟ್ಟಾಗದಿದ್ದಲ್ಲಿ, ತಡೆಯಬೇಕಾಗಿಲ್ಲ.

ಚಿಕಿತ್ಸೆಯೆಂದು ನಡೆಯುವುದರ ಬಗ್ಗೆ ಒಂದೆರಡು ಮಾತು. ಇಂದ್ರಿಯಗಳ ವರ್ತಮಾನವನ್ನು ಮಿದುಳು ಒಂದುಗೂಡಿಸುವ ಬಗೆಯನ್ನು ಕುರಿತು ಅಮೆರಿಕದ ಆಕ್ಯುಪೇಷನಲ್ ಥೆರಪಿಸ್ಟ್ ಜೀನ್ ಏಯರ್ಸ್ 1972ರಲ್ಲಿ ಗ್ರಂಥ ಬರೆದರು. ಉಯ್ಯಾಲೆ, ಹತ್ತುವ ಏಣಿ, ತಳ್ಳುವ ಎಳೆಯುವ ಆಟಗಳ ಮೂಲಕ ನಡೆಯುವ ಚಿಕಿತ್ಸೆಗೆ ಅವರೇ ಮೂಲ. 2014ರಲ್ಲಿ 32 ಮಕ್ಕಳ ಮೇಲೆ ನಡೆದ ಸಣ್ಣ ಪ್ರಯೋಗವೊಂದು ಇದರಿಂದ ಪ್ರಯೋಜನವಾಯಿತೆಂದಿತು. 2022ರಲ್ಲಿ ಬ್ರಿಟನ್ನಿನಲ್ಲಿ 138 ಮಕ್ಕಳನ್ನು ಸೇರಿಸಿಕೊಂಡು ಮಾಡಿದ ಪ್ರಯೋಗದಲ್ಲಿ ವಾಡಿಕೆಯ ಆರೈಕೆಗಿಂತ ಹೆಚ್ಚಿನ ಫಲ ವರ್ತನೆಯಲ್ಲಿ ಕಂಡುಬರಲಿಲ್ಲ. ಭಾರದ ಹೊದಿಕೆಯಿಂದ ನಿದ್ದೆ ಹೆಚ್ಚುವುದೇ ಎಂದು 2014ರಲ್ಲಿ ಪರೀಕ್ಷಿಸಿದಾಗ ನಿದ್ದೆ ಹೆಚ್ಚಲಿಲ್ಲ. ಆದರೆ ಮಕ್ಕಳಿಗೆ ಆ ಹೊದಿಕೆ ಹಿಡಿಸಿತು. ನನ್ನ ಅಭಿಪ್ರಾಯವನ್ನು ಕೇಳಿದರೆ, ಹಿಡಿಸಿದ್ದನ್ನು ಕೊಡಲು ಅಡ್ಡಿಯಿಲ್ಲ. ಸ್ವಲೀನತೆಯನ್ನೇ ನಿವಾರಿಸುತ್ತೇವೆಂದು ಜಾಹೀರಾತು ಕೊಟ್ಟು ಸಾಲ ಮಾಡಿಸುವವರಿಂದ ಮಾತ್ರ ತಂದೆತಾಯಿಗಳು ದೂರವಿರಬೇಕು. ಹೊಲ ಮಾರಿ ಹಾಗೆ ಹಣ ಕಟ್ಟಿದವರನ್ನು ನಾನು ಬಲ್ಲೆ.

ಸಂಶಯ ಬಂದಲ್ಲಿ ಮೊದಲು ಆಗಬೇಕಾದದ್ದು ಶ್ರವಣಪರೀಕ್ಷೆ. ಕೂಗಿದರೆ ತಿರುಗದಿರುವುದಕ್ಕೆ ಕಿವಿಯ ದೋಷವೇ ಕಾರಣವಾಗಿರಲೂಬಹುದು. ಮೈಸೂರಿನಲ್ಲಿ 1965ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್ ಇವುಗಳಲ್ಲಿ ತಜ್ಞರ ನೆರವು ದೊರೆಯುತ್ತದೆ. 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮವು 21 ಬಗೆಯ ವೈಕಲ್ಯಗಳಲ್ಲಿ ಸ್ವಲೀನತೆಯನ್ನೂ ಸೇರಿಸಿದೆ. ಶೇಕಡ 40ಕ್ಕೆ ಕಡಮೆಯಿಲ್ಲದ ವೈಕಲ್ಯವೆಂದು ಪ್ರಮಾಣೀಕೃತರಾದ 6ರಿಂದ 18 ವರ್ಷದ ಮಕ್ಕಳಿಗೆ ಹತ್ತಿರದ ಶಾಲೆಯಲ್ಲಿ ಉಚಿತ ಶಿಕ್ಷಣ ಪಡೆಯುವ ಹಕ್ಕನ್ನು ಕೊಟ್ಟಿದೆ. ‘ಇಂಥ ಮಕ್ಕಳಿಗೆ ನಮ್ಮಲ್ಲಿ ಸೌಕರ್ಯವಿಲ್ಲ’ ಎಂದು ಹೇಳಿ ಕಳುಹಿಸುವುದು ಇನ್ನು ಮೇಲೆ ಔದಾರ್ಯದ ಕೊರತೆ ಮಾತ್ರವಲ್ಲ.

ಸೌಕರ್ಯವೆಂದರೆ ಏನು? ಪ್ರಸಾದ ನಿಲಯದಲ್ಲಿ ನೂರಾರು ಸ್ಟೀಲ್ ತಟ್ಟೆಗಳು ಒಟ್ಟಿಗೆ ಸದ್ದು ಮಾಡುವ ಪಂಕ್ತಿಗೆ ಹತ್ತು ನಿಮಿಷ ಮೊದಲು ಅಂಥ ಒಬ್ಬನಿಗೆ ಬಡಿಸುವುದು, ಅನ್ನವನ್ನೂ ಸಾರನ್ನೂ ಬೇರೆ ಬೇರೆಯಾಗಿಯೇ ಇಡುವುದು ಒಂದು ಸೌಕರ್ಯ. ಜಾತ್ರೆಯ ದಿನ ಸಮಾಳ, ನಂದಿಕೋಲುಗಳ ಮೇಳ ಯಾವ ಬೀದಿಯಿಂದ ಎಷ್ಟು ಹೊತ್ತಿಗೆ ಬರುವುದೆಂದು ಮುಂಚಿತವಾಗಿ ಹೇಳಿ, ಬೇಡವೆನಿಸಿದರೆ ಮನೆಗೆ ಹೋಗುವ ದಾರಿಯನ್ನು ಹಿಂದಿನ ದಿನವೇ ನಡೆದು ತೋರಿಸುವುದು ಇನ್ನೊಂದು. ವಾರ್ಷಿಕೋತ್ಸವದ ವೇದಿಕೆಗೆ ಧ್ವನಿವರ್ಧಕ ಕಟ್ಟುವ ಕೆಲಸ ಈ ವಾರ ಆರಂಭವಾಗುವುದರಿಂದ, ಅಧ್ಯಾಪಕ ಬಂಧುಗಳಲ್ಲಿ ಒಂದು ವಿನಂತಿ: ಪೆಟ್ಟಿಗೆಗಳೆಲ್ಲವನ್ನೂ ಮುಂಭಾಗದಲ್ಲಿಯೇ ಇರಿಸಿ, ಹಿಂದಿನ ಬಾಗಿಲ ಪಕ್ಕದ ಒಂದು ಬೆಂಚನ್ನು ಖಾಲಿ ಬಿಡಿಸಿರಿ, ಮತ್ತು ‘ಹಲೋ, ಮೈಕ್ ಟೆಸ್ಟಿಂಗ್’ ಎಂದು ಕೂಗುವ ಮೊದಲು ತರಗತಿಗಳಿಗೆ ಒಬ್ಬ ಹುಡುಗನನ್ನು ಕಳುಹಿಸಿ ತಿಳಿಸಿರಿ.